ಕಾರು ಬೆಳೆಯಿತು, ಬೀದಿ ಬೆಳೆಯಲಿಲ್ಲ

ನಮ್ಮ ಕಣಿವೆಯ ಊರುಗಳಲ್ಲಿ ಹಳೆಯ ಬೀದಿಗಳನ್ನು ಬಿಟ್ಟವರು ಮೋಟಾರು ಗಾಡಿಯನ್ನು ಕಂಡವರಲ್ಲ. ದೇವರ ತೇರು ಸಾಗಬೇಕಾದ ಬೀದಿಯನ್ನು ಅವರು ಅಗಲವಾಗಿ ಬಿಟ್ಟರು. ಉಳಿದ ಕಡೆಗಳಲ್ಲಿ ಒಂದು ಜೋಡಿ ಎತ್ತಿನ ಬಂಡಿ ಹೋಗುವಾಗ ತಲೆಹೊರೆ ಹೊತ್ತವನೊಬ್ಬ ಪಕ್ಕಕ್ಕೆ ಸರಿದು ನಿಲ್ಲಲು ಎಡೆಯಿದ್ದರೆ ಸಾಕೆಂದುಕೊಂಡರು. ಉತ್ತಮಪಾಳಯದ ಮಗ್ಗುಲಲ್ಲಿ ಮುಲ್ಲೈ ಪೆರಿಯಾರ್ ಹೊಳೆ. ಸುತ್ತಲೂ ಗದ್ದೆ, ತೆಂಗು, ಬಾಳೆ, ದ್ರಾಕ್ಷಿಯ ಚಪ್ಪರ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಬೆಟ್ಟದಾಚೆಯ ನೀರು ಸುರಂಗದ ಮೂಲಕ ಈ ಕಡೆಗೆ ಇಳಿದ ಮೇಲೆ ಇಲ್ಲಿನ ಗದ್ದೆಗಳು ಎರಡು ಬೆಳೆ ಕೊಡತೊಡಗಿದವು. ಎರಡು ಬೆಳೆಯ ನೆಲವನ್ನು ದಾರಿಗೆಂದು ಬಿಟ್ಟುಕೊಡುವವರು ಯಾರು? ಹೀಗೆ ಬೀದಿ ಇದ್ದಷ್ಟೇ ಅಗಲಕ್ಕೆ ನಿಂತಿತು.

ರೈಲು ನಮ್ಮೂರಿಗೆ ಎಂದೂ ಬಂದಿಲ್ಲ. ಹಳಿಯನ್ನು ಅಗಲಗೊಳಿಸುವುದಕ್ಕಾಗಿ ಹಲವು ವರ್ಷ ನಿಂತಿದ್ದ ಮಧುರೆಯ ರೈಲು 2022ರಲ್ಲಿ ತೇನಿಗೂ 2023ರಲ್ಲಿ ಬೋಡಿನಾಯಕನೂರಿಗೂ ಮರಳಿ ಬಂದಿತು. ಉತ್ತಮಪಾಳಯಕ್ಕೆ ಮಾತ್ರ ರಸ್ತೆಯೇ ಗತಿ. ದಿಂಡಿಗಲ್ಲಿನಿಂದ ತೇನಿ, ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರುಗಳನ್ನು ಹಾದು, ಲೋಯರ್ ಕ್ಯಾಂಪಿನಿಂದ ಘಾಟಿ ಏರಿ ಕುಮಿಳಿಯನ್ನು ಸೇರುವ ಹೆದ್ದಾರಿಯೇ ನಮ್ಮ ಜೀವನಾಡಿ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಘಾಟಿ ಹತ್ತಿದರೆ ಮಲಯಾಳ ಆಡುವ ನಮಗೆ ಮೂರು ಭಾಷೆಯಲ್ಲೂ ಕಾರು ಕಾರೇ, ಜೀಪು ಜೀಪೇ. ಹೆದ್ದಾರಿಗೆ ಊರ ಹೊರಗೆ ಬಳಸುದಾರಿ ಆಗಿರುವುದರಿಂದ ಲಾರಿಗಳ ಕಾಟ ಊರೊಳಗೆ ತಗ್ಗಿದೆಯೆನ್ನಬಹುದು. ಆದರೆ ಮನೆಯ ಕಾರು ಬಳಸುದಾರಿಯಲ್ಲಿ ಮಲಗುವುದಿಲ್ಲ. ಸಂಜೆಯಾದೊಡನೆ ನಮ್ಮ ಬೀದಿಗೇ ಬರುತ್ತದೆ. ಆ ಮನೆಯ ಕಾರಿನ ಅಳತೆ ಮತ್ತು ತೂಕಗಳ ಸಂಗತಿಯನ್ನೇ ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಹಿರಿಯರಿಗೆ ಅಂಬಾಸಡರ್ ಕಾರಿನ ನೆನಪು ಇದ್ದೇ ಇರುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿದ ಈ ಗಾಡಿಯನ್ನು ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಿಸುತ್ತಿದ್ದರು. ಉದ್ದ ಸುಮಾರು 4.3 ಮೀಟರ್, ಅಗಲ ಸುಮಾರು 1.68 ಮೀಟರ್, ತೂಕ ಒಂದು ಟನ್ನಿಗೂ ಮಿಗಿಲು. ಮುಂಬಯಿಯಲ್ಲಿ ತಯಾರಾಗುತ್ತಿದ್ದ ಫಿಯಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡದ್ದು, ಅದಕ್ಕಿಂತ ಗಿಡ್ಡ. ತೂಕ 900 ಕಿಲೋಗ್ರಾಮಿನ ಆಸುಪಾಸು. ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್ ಎಂಬ ಕಾರೂ ಆಗ ಈ ಕಡೆ ಓಡಾಡುತ್ತಿತ್ತು. ಆದರೆ ಇವೆಲ್ಲ ಯಾರ ಮನೆಯಲ್ಲಿದ್ದವು? ಡಾಕ್ಟರರು, ಗಿರಣಿಯವರು, ಏಲಕ್ಕಿ ತೋಟದ ಒಡೆಯರು, ಬಾಡಿಗೆ ಟ್ಯಾಕ್ಸಿಯವರು. ಉಳಿದವರಿಗೆ ಬಸ್ಸು, ಸೈಕಲ್ಲು, ಬಂಡಿ. ಬೆಟ್ಟಕ್ಕೆ ಹೋಗಬೇಕಾದರೆ ಜೀಪು. ಗಾಡಿ ದೊಡ್ಡದೇ ಆಗಿದ್ದರೂ ಬೀದಿಗೊಂದರಂತೆಯೂ ಇರಲಿಲ್ಲವಾದ್ದರಿಂದ ಅದರ ಗಾತ್ರ ಯಾರಿಗೂ ತೊಡಕೆನಿಸಲಿಲ್ಲ.

ಸಾಮಾನ್ಯ ಕುಟುಂಬದ ಮನೆಬಾಗಿಲಿಗೆ ಕಾರು ಬಂದದ್ದು ಮಾರುತಿಯಿಂದ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಅದರ ಒಡೆಯರ ಕೈಗಿತ್ತರು. ಆ ಕಾರಿನ ಗಾತ್ರದ ಹಿಂದೆ ಒಂದು ಸ್ವಾರಸ್ಯವಿದೆ. ಜಪಾನಿನಲ್ಲಿ ಇಕ್ಕಟ್ಟಾದ ಊರುಗಳಿಗೆ ತಕ್ಕಂತೆ ಸರ್ಕಾರವು ‘ಕೇ’ ಎಂಬ ಸಣ್ಣ ಕಾರಿನ ವರ್ಗವೊಂದನ್ನು ಮಾಡಿ, ಅದಕ್ಕೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿದೆ. ಆ ಕಾಲದಲ್ಲಿ ಅದರ ಮಿತಿ: ಉದ್ದ 3.2 ಮೀಟರ್, ಅಗಲ 1.4 ಮೀಟರ್. ಸುಜುಕಿ ಕಂಪೆನಿ ಈ ಮಿತಿಯೊಳಗೆ ಕೂಡಿಸಿದ್ದ ಕಾರಿಗೇ ಸ್ವಲ್ಪ ದೊಡ್ಡ ಎಂಜಿನನ್ನು ಹೊಂದಿಸಿ ನಮ್ಮ ದೇಶಕ್ಕೆ ತಂದರು. ಹೀಗೆ ಜಪಾನಿನ ಓಣಿಗಾಗಿ ಅಳೆದು ಕತ್ತರಿಸಿದ ಅಂಗಿಯು ನಮ್ಮ ಓಣಿಗೂ ಸರಿಹೊಂದಿತು. ತೂಕ 650 ಕಿಲೋಗ್ರಾಮಿನ ಸುಮಾರು. ಚಕ್ರ 12 ಅಂಗುಲದ್ದು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಲ್ಲುವವರೆಗೂ ಎಷ್ಟೋ ಮನೆಗಳಿಗೆ ಅದೇ ಮೊದಲ ಕಾರು.

ಅಲ್ಲಿಂದ ಮುಂದಿನ ಬೆಳವಣಿಗೆಯನ್ನು ನೋಡಿ. 1998ರಲ್ಲಿ ಮದರಾಸಿನ ಹತ್ತಿರದ ಇರುಂಗಾಟ್ಟುಕೋಟೆಯಿಂದ ಹೊರಬಂದ ಸ್ಯಾಂಟ್ರೊ ಸುಮಾರು 3.5 ಮೀಟರ್ ಉದ್ದವಿತ್ತು. 2005ರ ಸ್ವಿಫ್ಟ್ 3.7 ಮೀಟರಿಗೆ ಬಂದು, ಅಗಲದಲ್ಲಿ ಅಂಬಾಸಡರನ್ನು ಹಿಡಿಯಿತು. ಇಂದು ಬೀದಿ ಬೀದಿಯಲ್ಲಿ ಕಾಣುವ ಬ್ರೆಜಾ, ನೆಕ್ಸಾನ್‌ಗಳು 4 ಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಉದ್ದ, ಸುಮಾರು 1.8 ಮೀಟರ್ ಅಗಲ, 1,100ರಿಂದ 1,250 ಕಿಲೋಗ್ರಾಂ ತೂಕದವು. 2015ರ ಕ್ರೆಟಾ 4.27 ಮೀಟರ್ ಇತ್ತು. 2024ರಲ್ಲಿ ಅದು 4.33 ಮೀಟರ್ ಆಯಿತು. 2022ರ ಸ್ಕಾರ್ಪಿಯೊ-ಎನ್ ಉದ್ದ 4.66 ಮೀಟರ್, ಅಗಲ 1.92 ಮೀಟರ್. ಅಂಬಾಸಡರಿನಷ್ಟೇ ಉದ್ದದ ಗಾಡಿಯನ್ನು ಇಂದು ಮಧ್ಯಮ ಗಾತ್ರದ್ದೆಂದು ಕರೆಯುತ್ತೇವೆ! 2023-24ರಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ಗಾಡಿಗಳಲ್ಲಿ 25 ಲಕ್ಷಕ್ಕೂ ಹೆಚ್ಚು ಇಂಥ ಎತ್ತರದ ‘ಯುಟಿಲಿಟಿ’ ವರ್ಗದವೆಂದು ತಯಾರಕರ ಸಂಘದ ಲೆಕ್ಕವೇ ಹೇಳುತ್ತದೆ. ಹಿಂದೆ ದೊಡ್ಡ ಗಾಡಿ ಅಪರೂಪದ್ದಾಗಿತ್ತು. ಈಗ ಅದೇ ರೂಢಿ.

ಈಗ ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಬೇಕು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯು ನಮ್ಮ ದೇಶದ ರಸ್ತೆಗಳ ಅಳತೆಗಳನ್ನು ಗೊತ್ತುಮಾಡುತ್ತದೆ. ಅದರ ಪ್ರಕಾರ ಒಂದೇ ಸಾಲಿನ ರಸ್ತೆಯ ಡಾಂಬರಿನ ಅಗಲ 3.75 ಮೀಟರ್. ಹಳ್ಳಿಗಳಿಗೆ ಹೋಗುವ ಎಷ್ಟೋ ದಾರಿಗಳು ಇಷ್ಟೇ ಅಗಲ. ಊರೊಳಗಿನ ಓಣಿಗಳಲ್ಲಿ ಇಷ್ಟೂ ಇಲ್ಲದವು ಬೇಕಾದಷ್ಟಿವೆ. ಈ ದಾರಿಯಲ್ಲಿ 1.4 ಮೀಟರ್ ಅಗಲದ ಎರಡು ಹಳೆಯ ಮಾರುತಿಗಳು ಎದುರಾದವೆನ್ನಿ. ಎರಡೂ ಸೇರಿ 2.8 ಮೀಟರ್, ಉಳಿದದ್ದು 95 ಸೆಂಟಿಮೀಟರ್. ವೇಗ ತಗ್ಗಿಸಿ, ಒಬ್ಬರಿಗೊಬ್ಬರು ಕೈಬೀಸಿ ಹೋಗಬಹುದು. 1.8 ಮೀಟರಿನ ಎರಡು ಗಾಡಿಗಳಾದರೆ 3.6 ಮೀಟರ್; ಉಳಿಯುವುದು 15 ಸೆಂಟಿಮೀಟರ್, ಅಂದರೆ ಪಟ್ಟಿಪೆಟ್ಟಿಗೆಯಲ್ಲಿರುವ ಅಡಿಪಟ್ಟಿಯ ಅರ್ಧ. ಪಕ್ಕದ ಕನ್ನಡಿಗಳೇ ಅದನ್ನು ನುಂಗುತ್ತವೆ. 1.92 ಮೀಟರಿನವು ಎರಡು ಬಂದರೆ 3.84 ಮೀಟರ್, ದಾರಿಯೇ 9 ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಆಗ ಯಾರಾದರೊಬ್ಬರು ಮಣ್ಣಿನ ಅಂಚಿಗೆ ಇಳಿಯಲೇಬೇಕು. ಆ ಅಂಚಿನಲ್ಲಿ ಯಾರಿರುತ್ತಾರೆ? ಚೀಲ ಹೆಗಲಿಗೇರಿಸಿ ಶಾಲೆಗೆ ನಡೆದುಹೋಗುವ ನೀವೇ.

ನಿಂತ ಕಾರಿನ ಲೆಕ್ಕ ಇನ್ನೂ ಮುಖ್ಯವಾದದ್ದು. ಅದೇ 3.75 ಮೀಟರಿನ ಓಣಿಯಲ್ಲಿ ಗೋಡೆಯಿಂದ 20 ಸೆಂಟಿಮೀಟರ್ ಬಿಟ್ಟು ಹಳೆಯ ಮಾರುತಿಯನ್ನು ನಿಲ್ಲಿಸಿದರೆ 2.15 ಮೀಟರ್ ದಾರಿ ತೆರೆದಿರುತ್ತದೆ. 108ಕ್ಕೆ ಕರೆಮಾಡಿದಾಗ ಬರುವ ಆಂಬುಲೆನ್ಸಿನ ಅಗಲ ಸುಮಾರು 2 ಮೀಟರ್. ಕಷ್ಟದಿಂದಲಾದರೂ ಅದು ತೂರಿ ಬರುತ್ತದೆ. 1.8 ಮೀಟರಿನ ಗಾಡಿ ನಿಂತಿದ್ದರೆ ಉಳಿಯುವುದು 1.75 ಮೀಟರ್. ಆಂಬುಲೆನ್ಸು ಓಣಿಯ ಬಾಯಿಯಲ್ಲೇ ನಿಲ್ಲುತ್ತದೆ. ರೋಗಿಯನ್ನು ಕೈಯ ಮೇಲೆ ಹೊತ್ತು ತರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಹಣದ ವಿಷಯಕ್ಕೆ ಬಳಸುತ್ತೇವೆ. ಇಲ್ಲಿ ಹಾಸಿಗೆ ಇಡೀ ಬೀದಿಯದು, ಚಾಚಿದ ಕಾಲು ಒಂದು ಮನೆಯದು.

ಹಾಗಾದರೆ ಕಾರುಗಳು ಏಕೆ ಹೀಗೆ ಬೆಳೆದವು? ಕಾರಣ ಒಂದಲ್ಲ. ಅದರಲ್ಲಿ ನಮ್ಮ ದೇಶದ್ದೇ ಆದ ಒಂದು ಕಾರಣವನ್ನು ಮೊದಲು ಹೇಳುತ್ತೇವೆ. 2006ರ ಮುಂಗಡಪತ್ರದಲ್ಲಿ ಅರ್ಥಮಂತ್ರಿ ಚಿದಂಬರಂ ಅವರು ಸಣ್ಣ ಕಾರಿನ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೇನು? ಉದ್ದ 4 ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1,200 ಸಿ.ಸಿ., ಡೀಸೆಲಿನದಾದರೆ 1,500 ಸಿ.ಸಿ. ಮೀರಬಾರದು. ಉದ್ದೇಶ ಒಳ್ಳೆಯದೇ. ಆದರೆ ನಿಯಮದಲ್ಲಿ ಅಗಲದ ಮಾತಿಲ್ಲ, ಎತ್ತರದ ಮಾತಿಲ್ಲ, ತೂಕದ ಮಾತೂ ಇಲ್ಲ. ದರ್ಜಿಗೆ ಉದ್ದವೊಂದನ್ನೇ ಹೇಳಿಬಂದರೆ ಅಂಗಿ ಹೇಗೆ ಬರುತ್ತದೆ? ಹಾಗೆಯೇ ಆಯಿತು. 2008ರಲ್ಲಿ 4.16 ಮೀಟರ್ ಇದ್ದ ಡಿಜೈರ್ ಕಾರಿನ ಹಿಂಭಾಗವನ್ನು ಮೊಟಕುಗೊಳಿಸಿ 2012ರಲ್ಲಿ 3.995 ಮೀಟರಿಗೆ ತಂದರು. ಬೇರೆಯವರು ಉದ್ದವನ್ನು ಅಷ್ಟಕ್ಕೇ ನಿಲ್ಲಿಸಿ ಗಾಡಿಯನ್ನು ಅಗಲಕ್ಕೂ ಎತ್ತರಕ್ಕೂ ಬೆಳೆಸಿದರು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಸೇವಾ ತೆರಿಗೆಯ ದರಗಳಲ್ಲೂ ಈ 4 ಮೀಟರಿನ ಗೆರೆ ಉಳಿದುಕೊಂಡಿದೆ: ಗೆರೆಯೊಳಗಿನ ಸಣ್ಣ ಕಾರಿಗೆ ನೂರಕ್ಕೆ 18, ಹೊರಗಿನದಕ್ಕೆ ನೂರಕ್ಕೆ 40. ಮಾರುತಿ 800 ನೆಲದ ಮೇಲೆ ಹಿಡಿಯುತ್ತಿದ್ದ ಜಾಗ 5 ಚದರ ಮೀಟರಿಗೂ ಕಡಿಮೆ. 4 ಮೀಟರ್ ಉದ್ದ 1.8 ಮೀಟರ್ ಅಗಲದ ಇಂದಿನ ‘ಸಣ್ಣ’ ಕಾರು ಹಿಡಿಯುವುದು 7.2 ಚದರ ಮೀಟರ್. ತೆರಿಗೆಯ ಪುಸ್ತಕದಲ್ಲಿ ಎರಡೂ ಒಂದೇ ಪಂಕ್ತಿ.

ಎರಡನೆಯ ಕಾರಣ ಯಂತ್ರದೊಳಗಿನದು. ಕೌಪೀನವನ್ನು ಇಲಿ ಕಡಿಯುತ್ತದೆಂದು ಬೆಕ್ಕು ಸಾಕಿದ ಸನ್ಯಾಸಿಯ ಕಥೆ ನಿಮಗೆ ಗೊತ್ತು. ಬೆಕ್ಕಿಗೆ ಹಾಲು ಬೇಕೆಂದು ಹಸು, ಹಸುವಿಗೆ ಹುಲ್ಲು ಬೇಕೆಂದು ಹೊಲ, ಹೊಲಕ್ಕೆ ಆಳು, ಕೊನೆಗೆ ಸಂಸಾರ! ಕಾರಿನ ತೂಕವೂ ಹೀಗೆಯೇ ಏರುತ್ತದೆ. ಏ.ಸಿ. ಬೇಕು, ಹೊರಗಿನ ಗದ್ದಲ ಒಳಗೆ ಬಾರದಂತೆ ಬಾಗಿಲಿಗೆ ಒಳಪದರ ಬೇಕು, ಗಾಜು ತಾನಾಗಿ ಇಳಿಯಲು ಬಾಗಿಲಿಗೊಂದು ಮೋಟಾರು ಬೇಕು. ಇವುಗಳನ್ನು ಹೊರಲು ಎಂಜಿನ್ ದೊಡ್ಡದಾಗಬೇಕು. ದೊಡ್ಡ ಎಂಜಿನನ್ನು ಹೊರಲು ಚೌಕಟ್ಟು ದಪ್ಪವಾಗಬೇಕು, ಅಷ್ಟನ್ನೂ ನಿಲ್ಲಿಸಲು ಬ್ರೇಕು ದೊಡ್ಡದಾಗಬೇಕು, ಆ ಬ್ರೇಕನ್ನು ಒಳಗೊಳ್ಳಲು ಚಕ್ರ ದೊಡ್ಡದಾಗಬೇಕು. 12 ಅಂಗುಲದ ಚಕ್ರ ಇಂದು 16, 17 ಅಂಗುಲಕ್ಕೆ ಬಂದಿರುವುದು ಅಂದಕ್ಕಾಗಿ ಮಾತ್ರವೇ ಅಲ್ಲ (ಅಂದಕ್ಕಾಗಿಯೂ ಹೌದೆನ್ನಿ).

ಇದು ನಮ್ಮ ದೇಶದ ಜಾಡ್ಯ ಮಾತ್ರವೂ ಅಲ್ಲ. 1974ರಲ್ಲಿ ಜರ್ಮನಿಯ ಫೋಕ್ಸ್‌ವಾಗನ್ ಗಾಲ್ಫ್ 3.7 ಮೀಟರ್ ಉದ್ದ, 800 ಕಿಲೋಗ್ರಾಮಿನ ಸುಮಾರು ತೂಕವಿತ್ತು. ಅದೇ ಹೆಸರಿನ ಇಂದಿನ ಕಾರು 4.28 ಮೀಟರ್ ಉದ್ದ, 1,200 ಕಿಲೋಗ್ರಾಮಿಗೂ ಮೇಲೆ. ಇಂಗ್ಲೆಂಡಿನ ಮಿನಿ 1959ರಲ್ಲಿ ಕೇವಲ 3.05 ಮೀಟರ್ ಇತ್ತು. ಈಗ ಹೆಸರು ಮಾತ್ರ ಮಿನಿ. ಯೂರೋಪಿನಲ್ಲಿ ಹೊಸ ಕಾರುಗಳು ಎರಡು ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಅಗಲವಾಗುತ್ತಿವೆಯೆಂದು ಅಲ್ಲಿನ ಒಂದು ಸಂಸ್ಥೆ 2024ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದ ಜನ ಮತ ಹಾಕಿ, ಹೊರಗಿನಿಂದ ಬರುವ ಭಾರೀ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಲು ಒಪ್ಪಿದರು. ಅಲ್ಲಿ ಗೆರೆ ಎಳೆದದ್ದು ಉದ್ದಕ್ಕಲ್ಲ, ತೂಕಕ್ಕೆ: ಸಾಧಾರಣ ಕಾರಾದರೆ 1.6 ಟನ್, ವಿದ್ಯುತ್ತಿನದಾದರೆ 2 ಟನ್.

ಕೊಳ್ಳುವವರ ಮಾತನ್ನೂ ಕೇಳಬೇಕು. ಹೊಂಡ ಬಿದ್ದ ರಸ್ತೆ, ಮಿತಿಯಿಲ್ಲದ ಉಬ್ಬುಗಳು, ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ನೆಲದಿಂದ ಎತ್ತರವಿರುವ ಗಾಡಿ ಬೇಕೆನ್ನುವುದರಲ್ಲಿ ತಪ್ಪೇನಿದೆ? ಮಂಡಿನೋವಿನ ಅಜ್ಜಿಗೆ ತಗ್ಗಾದ ಸೀಟಿಗೆ ಇಳಿದು ಕೂಡುವುದಕ್ಕಿಂತ ಎತ್ತರದ ಸೀಟಿಗೆ ಸರಿಯುವುದು ಸುಲಭ. ಇವು ನಿಜವಾದ ಅನುಕೂಲಗಳು. ನೆರೆಮನೆಗಿಂತ ನಮ್ಮದು ಒಂದು ಗೇಣು ಎತ್ತರವಿರಲಿ ಎಂಬ ಆಸೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತೂಕ ಹೆಚ್ಚಿದರೆ ಆಗುವುದೇನೆಂಬುದನ್ನು ತಿಳಿಯಲು ನಮ್ಮ ಘಾಟಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಡ. ಕಂಬಂನಲ್ಲಿ ಕನ್ನಡ ಮಾತಾಡುವ ಒಕ್ಕಲಿಗರ ತಂಬಿರಾನ್ ದನದ ದೊಡ್ಡಿ ಇಂದಿಗೂ ಉಂಟು. ಮಾಟ್ಟು ಪೊಂಗಲಿನ ದಿನ ಕಣಿವೆಯ ಜನರೆಲ್ಲ ಅಲ್ಲಿ ಸೇರುತ್ತಾರೆ. ದನ ಬಲ್ಲ ಹಿರಿಯರನ್ನು ಕೇಳಿ ನೋಡಿ: ಬೆಟ್ಟದಲ್ಲಿ ಮೇಯುವ ದನದ ಮೈ ಹಗುರ, ಕಾಲು ಗಟ್ಟಿ. ಕಾರಣ ಒಂಬತ್ತನೆಯ ತರಗತಿಯ ಭೌತಶಾಸ್ತ್ರದಲ್ಲೇ ಇದೆ. ಒಂದು ವಸ್ತುವನ್ನು ಮೇಲಕ್ಕೇರಿಸಲು ಬೇಕಾದ ಶಕ್ತಿ ಅದರ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಈ ಮೂರರ ಗುಣಲಬ್ಧ. ಏರು 400 ಮೀಟರೆಂದು ಇಟ್ಟುಕೊಳ್ಳಿ. ಒಳಗಿರುವ ಜನರು ಮತ್ತು ಸಾಮಾನು 300 ಕಿಲೋಗ್ರಾಂ. 650 ಕಿಲೋಗ್ರಾಮಿನ ಕಾರಾದರೆ ಒಟ್ಟು 950; ಅದನ್ನು 9.8ರಿಂದಲೂ 400ರಿಂದಲೂ ಗುಣಿಸಿದರೆ ಸುಮಾರು 37 ಲಕ್ಷ ಜೂಲ್. 1,800 ಕಿಲೋಗ್ರಾಮಿನ ಏಳು ಸೀಟಿನ ಗಾಡಿಯಾದರೆ ಒಟ್ಟು 2,100. ಶಕ್ತಿ ಸುಮಾರು 82 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದ್ದರೂ ಚಕ್ರಕ್ಕೆ ತಲುಪುವುದು ಅದರ ಕಾಲುಭಾಗದಷ್ಟು, ಅಂದರೆ 80 ಲಕ್ಷ. ಆದುದರಿಂದ ಬರೀ ಎತ್ತರಕ್ಕಾಗಿಯೇ ಚಿಕ್ಕ ಕಾರು ಅರ್ಧ ಲೀಟರಿಗೂ ಸ್ವಲ್ಪ ಕಡಿಮೆ, ದೊಡ್ಡದು ಒಂದು ಲೀಟರಿಗೂ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಕೂತವರೂ ಸಾಮಾನೂ ಎರಡರಲ್ಲೂ ಅಷ್ಟೇ!

ಇಳಿಯುವಾಗ ಈ ಶಕ್ತಿ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ, ಶಾಖವಾಗುತ್ತದೆ. ವೇಗ ಏರದಂತೆ ಹಿಡಿದು ಇಳಿಯಬೇಕಾದರೆ ಹತ್ತುವಾಗ ಕೂಡಿಟ್ಟ ಅಷ್ಟೂ ಜೂಲುಗಳು ಬ್ರೇಕು, ಎಂಜಿನ್, ಟೈರು, ಗಾಳಿಗಳಲ್ಲಿ ಕರಗಬೇಕು. ಚಿಕ್ಕ ಕಾರಿನ 37 ಲಕ್ಷ ಜೂಲಿನಿಂದ ಸುಮಾರು 12 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು, ಒಂದು ಕೊಡದಷ್ಟು. ದೊಡ್ಡ ಗಾಡಿಯದರಿಂದ ಸುಮಾರು 26 ಲೀಟರ್, ಎರಡು ಕೊಡ ತುಂಬಿ ಮಿಗುವಷ್ಟು. ಕುಮಿಳಿಯಿಂದ ಇಳಿಯುವ ಗಾಡಿ ಗೇರನ್ನು ತಗ್ಗಿಸದೆ ಬರೀ ಬ್ರೇಕನ್ನು ತುಳಿಯುತ್ತ ಬಂದರೆ ಆ ಬಿಸಿಯೆಲ್ಲ ನಾಲ್ಕು ಚಕ್ರಗಳ ಬ್ರೇಕಿನೊಳಗೇ ಕೂಡಿಕೊಳ್ಳುತ್ತದೆ. ತಿರುವಿನಲ್ಲಿ ಸುಟ್ಟ ವಾಸನೆ ಬರುವುದು ಇದರಿಂದಲೇ. ಮೊದಲ ಬಾರಿಗೆ ದೊಡ್ಡ ಗಾಡಿ ಕೊಂಡು ಶಬರಿಮಲೆಗೋ ತೇಕ್ಕಡಿಗೋ ಹೊರಡುವವರು ಈ ಮಾತನ್ನು ನೆನಪಿಡಬೇಕು: ಯಾವ ಗೇರಿನಲ್ಲಿ ಘಾಟಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ.

ಇನ್ನು ಎಲ್ಲ ತಂದೆತಾಯಿಗಳೂ ಕೇಳುವ ಪ್ರಶ್ನೆ: ದೊಡ್ಡ ಕಾರು ಕ್ಷೇಮವಲ್ಲವೇ? ಒಳಗಿರುವವರಿಗೆ ಹೌದು, ಎದುರಿಗಿರುವುದು ತನಗಿಂತ ಹಗುರವಾಗಿದ್ದರೆ. ಆವೇಗ ಸಂರಕ್ಷಣೆಯ ನಿಯಮವನ್ನು ನೆನೆಯಿರಿ. 1,800 ಕಿಲೋಗ್ರಾಮಿನ ಗಾಡಿಯೂ 650 ಕಿಲೋಗ್ರಾಮಿನ ಕಾರೂ ತಲಾ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಢಿಕ್ಕಿ ಹೊಡೆದು ಅಂಟಿಕೊಂಡವೆಂದು ಭಾವಿಸೋಣ. ಒಳಗಿನವರ ತೂಕವನ್ನು ಸದ್ಯಕ್ಕೆ ಬಿಡೋಣ. 1,800ರಲ್ಲಿ 650 ಕಳೆದು, 2,450ರಿಂದ ಭಾಗಿಸಿ, 50ರಿಂದ ಗುಣಿಸಿ. ಬರುವ ಉತ್ತರ ಇಪ್ಪತ್ತಮೂರೂವರೆ. ಅಂದರೆ ಢಿಕ್ಕಿಯಾದ ಮೇಲೂ ಎರಡೂ ಸೇರಿ ದೊಡ್ಡ ಗಾಡಿ ಹೊರಟಿದ್ದ ದಿಕ್ಕಿಗೇ ಇಪ್ಪತ್ತಮೂರೂವರೆ ಕಿಲೋಮೀಟರ್ ವೇಗದಲ್ಲಿ ಸರಿಯುತ್ತವೆ. ದೊಡ್ಡ ಗಾಡಿಯವರಿಗೆ ಕ್ಷಣಾರ್ಧದಲ್ಲಿ ಆದ ವೇಗದ ವ್ಯತ್ಯಾಸ ಇಪ್ಪತ್ತಾರೂವರೆ. ಚಿಕ್ಕ ಕಾರಿನವರಿಗೆ? ಮುಂದಕ್ಕಿದ್ದ 50 ಸೊನ್ನೆಯಾಗಿ, ಮತ್ತೆ ಹಿಂದಕ್ಕೆ ಇಪ್ಪತ್ತಮೂರೂವರೆ: ಒಟ್ಟು ಎಪ್ಪತ್ತಮೂರೂವರೆ. ದೊಡ್ಡ ಗಾಡಿ ತನ್ನ ಪಾಲಿನ ಪೆಟ್ಟನ್ನು ಅಳಿಸಿಹಾಕಲಿಲ್ಲ, ಎದುರಿನವರಿಗೆ ದಾಟಿಸಿತು. ಎದುರಿನವರು ಬೈಸಿಕಲ್ಲಿನ ಮೇಲಿದ್ದರೆ ಲೆಕ್ಕ ಹಾಕುವುದೇ ಬೇಡ.

ನಡೆದುಹೋಗುವವರಿಗೆ ತೂಕಕ್ಕಿಂತ ಮೂತಿಯ ಎತ್ತರ ಹೆಚ್ಚು ಅಪಾಯಕರ. ತಗ್ಗಾದ, ಇಳಿಜಾರಾದ ಬಾನೆಟ್ಟಿನ ಕಾರು ತಾಗಿದರೆ ದೊಡ್ಡವರಿಗೆ ಪೆಟ್ಟು ಬೀಳುವುದು ಕಾಲಿಗೆ. ಮೈ ಬಾನೆಟ್ಟಿನ ಮೇಲೆ ಉರುಳುತ್ತದೆ. ಮೂತಿ ಗೋಡೆಯಂತೆ ನೆಟ್ಟಗಿದ್ದರೆ ಪೆಟ್ಟು ಎದೆಗೆ ಬಿದ್ದು, ಮನುಷ್ಯ ಮುಂದಕ್ಕೆ ನೆಲಕ್ಕೆ ಬೀಳುತ್ತಾನೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾನೆಟ್ಟಿನ ಎತ್ತರ ಒಂದು ಮೀಟರಿಗೂ ಮೀರಿದ ಗಾಡಿಗಳು ತಾಗಿದಾಗ ಪಾದಚಾರಿ ಸಾಯುವ ಸಂಭವ, ಮುಕ್ಕಾಲು ಮೀಟರಿನೊಳಗಿನ ಇಳಿಜಾರು ಮೂತಿಯ ಕಾರುಗಳಿಗಿಂತ ನೂರಕ್ಕೆ ಸುಮಾರು 45ರಷ್ಟು ಹೆಚ್ಚು. ಅದು ದೊಡ್ಡವರ ಮಾತಾಯಿತು. ಒಂದನೆಯ ತರಗತಿಯ ಮಗುವಿನ ಎತ್ತರವೇ ಒಂದು ಮೀಟರಿಗಿಂತ ಅಷ್ಟಿಷ್ಟು ಹೆಚ್ಚು. ಮನೆಯೆದುರು ಗಾಡಿಯ ಮೂತಿಗೆ ಒತ್ತಿ ಗೋಲಿಯಾಡುವ ಮಗು ಡ್ರೈವರಿನ ಸೀಟಿನಿಂದ ಕಾಣುವುದೇ ಇಲ್ಲ. ಇದನ್ನು ನಂಬದವರು ನಿಂತ ಗಾಡಿಯ ಮುಂದೆ ಒಂದು ಕೊಡವನ್ನಿಟ್ಟು, ಸೀಟಿನಲ್ಲಿ ಕುಳಿತು, ಅದು ಕಾಣುವವರೆಗೆ ಇನ್ನೊಬ್ಬರಿಂದ ಹಿಂದಕ್ಕೆ ಸರಿಸಿ ನೋಡಬಹುದು.

ಹಾಗೆಂದು ಹಳೆಯ ಚಿಕ್ಕ ಕಾರೇ ಮೇಲೆಂದು ನಾವು ಹೇಳುತ್ತಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಅಡ್ಡಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂದಿತು. ಗಮನಿಸಬೇಕಾದದ್ದು ಮುಂದಿನದು. ಅವುಗಳಲ್ಲೊಂದಾದ ಪೋಲೊ ಕಾರಿನ ಚೌಕಟ್ಟು ಗಟ್ಟಿಯಾಗಿದ್ದಿತು, ಏರ್‌ಬ್ಯಾಗು ಮಾತ್ರ ಇರಲಿಲ್ಲ. ಎರಡು ಏರ್‌ಬ್ಯಾಗು ಇದ್ದ ಅದೇ ಕಾರನ್ನು ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ! 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಢಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. ಆಮೇಲೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗೂ ಕಡ್ಡಾಯವಾಯಿತು. ಕಾರಿಗೆ ಸೇರಿದ ತೂಕದಲ್ಲಿ ಒಂದಂಶ ಹೀಗೆ ನ್ಯಾಯವಾದದ್ದೇ. ಆದರೆ ಕ್ಷೇಮಕ್ಕೆ ಎರಡು ಟನ್ ಬೇಕೆಂದೇನೂ ಇಲ್ಲ. 2018ರ ಸ್ವಿಫ್ಟ್ ತನ್ನ ಹಿಂದಿನ ಮಾದರಿಗಿಂತ ಹಗುರವಾಗಿಯೇ ಬಂದಿತು. ಹೆಚ್ಚು ಬಲದ ಉಕ್ಕನ್ನು ತೆಳುವಾಗಿ ಬಳಸಿದ್ದೇ ಅದಕ್ಕೆ ಕಾರಣ. ಅದು ಪರೀಕ್ಷೆಯಲ್ಲಿ ಹೆಚ್ಚು ನಕ್ಷತ್ರ ಗಳಿಸಲಿಲ್ಲ ನಿಜ. ಆದರೆ ಅದೇ ಮನೆತನದ ಡಿಜೈರ್ 2024ರಲ್ಲಿ ಒಂದು ಟನ್ನಿನ ಆಸುಪಾಸಿನ ತೂಕದಲ್ಲೇ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆಯಿತು. ಚೌಕಟ್ಟಿನ ಜಾಣ್ಮೆ, ಏರ್‌ಬ್ಯಾಗು, ಹಿಂದಿನ ಸೀಟಿನವರೂ ಹಾಕಿಕೊಂಡ ಬೆಲ್ಟು, ಇವು ಮಾಡುವ ಕೆಲಸವನ್ನು ಬರಿಯ ಭಾರ ಮಾಡಲಾರದು.

ಇನ್ನೊಂದು ಲೆಕ್ಕವನ್ನು ನಾವು ಮರೆಯುತ್ತೇವೆ: ತಲೆಗೆ ಎಷ್ಟು ಕಬ್ಬಿಣ? ಬೆಳಗಿನ ಜಾವ ಕಂಬಂ, ಬೋಡಿ, ಉತ್ತಮಪಾಳಯಗಳಿಂದ ಏಲಕ್ಕಿ ತೋಟದ ಕೆಲಸದವರನ್ನು ತುಂಬಿಕೊಂಡು ಜೀಪುಗಳು ಕೇರಳದ ಬೆಟ್ಟಗಳಿಗೆ ಏರುತ್ತವೆ. ಒಂದೂಕಾಲು ಟನ್ನಿನ ಸುಮಾರು ತೂಕದ ಜೀಪಿನಲ್ಲಿ ಹತ್ತು ಜನರಿದ್ದರೆ ತಲೆಗೆ 125 ಕಿಲೋಗ್ರಾಂ. ಮಿತಿಮೀರಿ ತುಂಬುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ, ಅದನ್ನು ಹೊಗಳುತ್ತಿಲ್ಲ. ಆದರೆ ಪೇಟೆಗೆ ಒಂದು ಕಟ್ಟು ಕರಿಬೇವು ತರಲು ಒಬ್ಬರೇ 1,800 ಕಿಲೋಗ್ರಾಮನ್ನು ಓಡಿಸಿಕೊಂಡು ಹೋಗುವಾಗ ತಲೆಗೆ ಬೀಳುವ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಏಳು ಸೀಟಿನ ಗಾಡಿ ಕೊಂಡವರ ಮನೆಯಲ್ಲಿ ಏಳು ಜನ ಒಟ್ಟಿಗೆ ಹೋಗುವುದು ವೀರಪಾಂಡಿ ಗೌಮಾರಿಯಮ್ಮನ ಜಾತ್ರೆಗೆ, ಒಂದೆರಡು ಮದುವೆಗೆ. ಆ ನಾಲ್ಕು ದಿನಗಳಿಗೆ ಬಾಡಿಗೆ ಗಾಡಿ ಉಂಟು. ಉಳಿದ ದಿನಗಳಿಗೆ?

ವಿದ್ಯುತ್ ಕಾರು ಬಂದರೆ ತೂಕ ಇಳಿಯುವುದೆಂದು ಕೆಲವರು ತಿಳಿದಿದ್ದಾರೆ. ಸದ್ಯಕ್ಕೆ ಅದು ತಿರುಗುಮುರುಗು. ಬ್ಯಾಟರಿಯ ಭಾರ ದೊಡ್ಡದಾದ್ದರಿಂದ ಒಂದೇ ಅಚ್ಚಿನ ಗಾಡಿಗಳಲ್ಲಿ ಪೆಟ್ರೋಲಿನದಕ್ಕಿಂತ ವಿದ್ಯುತ್ತಿನದು ಹೆಚ್ಚು ತೂಗುತ್ತದೆ. ಘಾಟಿಯಲ್ಲಿ ಮಾತ್ರ ಅದಕ್ಕೊಂದು ಗುಣವುಂಟು: ಇಳಿಯುವಾಗ ಮೋಟಾರು ತಿರುಗುಮುಖವಾಗಿ ಡೈನಮೋದಂತೆ ಕೆಲಸ ಮಾಡಿ, ಕೊಡದ ನೀರನ್ನು ಕುದಿಸಬಹುದಾಗಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಓಣಿಯ ಅಗಲಕ್ಕೆ ಇದರಿಂದ ಏನೂ ಆಗುವುದಿಲ್ಲ.

ಕಾರು ಕೊಳ್ಳುವ ಯೋಚನೆಯಲ್ಲಿರುವ ಮನೆಗಳಲ್ಲಿ ಒಂದು ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಶೋರೂಮಿಗೆ ಹೋಗುವ ಮುನ್ನ ದರ್ಜಿಯ ಟೇಪಿನಿಂದ ಮನೆಯೆದುರಿನ ದಾರಿಯನ್ನು ಗೋಡೆಯಿಂದ ಗೋಡೆಗೆ ಅಳೆಯಿರಿ. ಚರಂಡಿ, ಕರೆಂಟು ಕಂಬ, ಜಗಲಿಯ ಮೆಟ್ಟಿಲುಗಳನ್ನು ಕಳೆಯಿರಿ. ಅದರಲ್ಲಿ ಆಂಬುಲೆನ್ಸಿಗೆಂದು 2 ಮೀಟರನ್ನೂ ಗೋಡೆಯ ಬದಿಗೆ 20 ಸೆಂಟಿಮೀಟರನ್ನೂ ತೆಗೆದಿಡಿ. ಉಳಿದದ್ದೇ ನಿಮ್ಮ ಬೀದಿ ಹೊರಬಲ್ಲ ಕಾರಿನ ಅಗಲ. ಕಂಪೆನಿಯ ಪುಸ್ತಿಕೆಯಲ್ಲಿ ಬಣ್ಣಬಣ್ಣದ ಚಿತ್ರಗಳೆಲ್ಲ ಮುಗಿದ ಮೇಲೆ, ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಉದ್ದ, ಅಗಲ, ಎತ್ತರಗಳನ್ನು ಮಿಲಿಮೀಟರುಗಳಲ್ಲಿ ಕೊಟ್ಟಿರುತ್ತಾರೆ. ತೂಕವನ್ನು ‘ಕರ್ಬ್ ವೆಯ್ಟ್’ ಎಂಬ ಹೆಸರಿನಲ್ಲಿ ಹುಡುಕಿ. ಅದು ಜನ, ಸಾಮಾನುಗಳಿಲ್ಲದ ಬರಿಯ ಗಾಡಿಯ ತೂಕ. ಕೆಲವು ಪುಸ್ತಿಕೆಗಳಲ್ಲಿ ಅದು ಇರುವುದೇ ಇಲ್ಲ; ಆಗ ಬಾಯಿಬಿಟ್ಟು ಕೇಳಬೇಕು. ಅಗಲದ ಅಂಕಿಯಲ್ಲಿ ಸಾಮಾನ್ಯವಾಗಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ. ಕನ್ನಡಿಗಳನ್ನು ಬಿಡಿಸಿಟ್ಟು ಶೋರೂಮಿನಲ್ಲೇ ಟೇಪು ಹಿಡಿದು ಒಮ್ಮೆ ಅಳೆದರೆ ನಿಜವಾದ ಅಗಲ ಸಿಕ್ಕುತ್ತದೆ. ಅಲ್ಲಿನವರು ನಕ್ಕರೆ ನಗಲಿ.